ನೀಲಿ ತಂತಿಯ ನಂಬಿಕೆ

ಸಂಸಾರವನ್ನು ಜೊತೆಗೆ ಕಟ್ಟಿಕೊಂಡು ಊರೂರು ಸಂಚರಿಸುವುದು ಕನ್ನಡ ನಾಡಿಗೆ ಹೊಸ ಸಂಗತಿಯಲ್ಲ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶದ ಉದ್ದಗಲವನ್ನು ಅಳೆದ ಲಂಬಾಣಿಗರುಂಟು. ಪರದೆ, ಪೆಟ್ಟಿಗೆ, ಪಾತ್ರೆಗಳೊಡನೆ ಜಾತ್ರೆಯಿಂದ ಜಾತ್ರೆಗೆ ಸಾಗಿದ ವೃತ್ತಿನಾಟಕ ಕಂಪನಿಗಳುಂಟು. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ಹೆಸರನ್ನು ಕೇಳದ ಹಿರಿಯರು ಆ ಸೀಮೆಯಲ್ಲಿ ವಿರಳ. ಈಚಿನ ವರ್ಷಗಳಲ್ಲಿ ಈ ಸಂಚಾರಿಗಳ ಸಾಲಿಗೆ ಬೇರೊಂದು ಬಗೆಯ ಪ್ರವಾಸಿಗರು ಸೇರಿದ್ದಾರೆ. ಮಲಗಲು ಮಂಚ, ಅಡಿಗೆಗೆ ಒಲೆ, ಹಾಲು ಕೆಡದಂತಿಡಲು ಫ್ರಿಜ್, ಪುಟ್ಟದೊಂದು ಬಚ್ಚಲು, ಬೇಸಿಗೆಗೆ ಏರ್ ಕಂಡೀಷನರ್ - ಇಷ್ಟನ್ನೂ ಒಂದು ವ್ಯಾನಿನೊಳಗೆ ಅಡಕಮಾಡಿದ ಗಾಲಿಮನೆಗಳು ಈಗ ಕರ್ನಾಟಕದ ರಸ್ತೆಗಳಲ್ಲಿಯೂ ಅಲ್ಲಲ್ಲಿ ಕಾಣಸಿಗುತ್ತವೆ. ನೆರೆಯ ಕೇರಳದ ಸರಕಾರವು 2021ರಲ್ಲಿ ಇವುಗಳಿಗಾಗಿಯೇ ಪ್ರತ್ಯೇಕ ಪ್ರವಾಸೋದ್ಯಮ ನೀತಿಯೊಂದನ್ನು ಪ್ರಕಟಿಸಿತು. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಿಗಳಿಗೆ ಇಂಥ ವಾಹನದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

ಇಂಥ ಮನೆಗೂ ಊರಿನ ಮನೆಗೂ ಇರುವ ದೊಡ್ಡ ವ್ಯತ್ಯಾಸ ಗಾಲಿಗಳಲ್ಲಿಲ್ಲ, ವಿದ್ಯುತ್ತಿನಲ್ಲಿದೆ. ಊರಿನ ಮನೆಗೆ ತಂತಿ ಒಮ್ಮೆ ಬಂದರೆ ಅದೇ ತಂತಿ, ಅದೇ ಮೀಟರು; ಹತ್ತಾರು ವರ್ಷ ಅದರ ಚಿಂತೆಯಿಲ್ಲ. ಗಾಲಿಮನೆಯಾದರೋ ದಿನಕ್ಕೊಂದು ಊರಿನ ವಿದ್ಯುತ್ತನ್ನು ಉಣ್ಣಬೇಕು. ಓಡುತ್ತಿರುವಾಗ ಅದರ ದೀಪ, ಪಂಖಗಳು 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ನಿಂತ ಮೇಲೆ ಏರ್ ಕಂಡೀಷನರ್ ಓಡಬೇಕಾದರೆ, ಬಿಸಿನೀರು ಕಾಯಬೇಕಾದರೆ, ಬ್ಯಾಟರಿ ಮತ್ತೆ ತುಂಬಿಕೊಳ್ಳಬೇಕಾದರೆ ಹೊರಗಿನಿಂದ 230 ವೋಲ್ಟಿನ ವಿದ್ಯುತ್ತು ಬರಬೇಕು. ಪಶ್ಚಿಮ ದೇಶಗಳಲ್ಲಿ ಇದಕ್ಕೆಂದೇ ಬಿಡಾರದ ಬಯಲುಗಳಿದ್ದು, ಪ್ರತಿಯೊಂದು ವಾಹನದ ತಾಣದಲ್ಲಿಯೂ ಒಂದು ವಿದ್ಯುತ್ ಕಂಬವಿರುತ್ತದೆ. ಇಲ್ಲಿ ಅಂಥ ಬಯಲುಗಳು ಅಪರೂಪ. ಆದ್ದರಿಂದ ಗಾಲಿಮನೆಯವರು ತೋಟದ ಪಂಪ್‌ಹೌಸಿನಿಂದಲೋ, ಕಲ್ಯಾಣಮಂಟಪದ ಗೋಡೆಯಿಂದಲೋ, ಹೆದ್ದಾರಿಯ ಡಾಬಾದಿಂದಲೋ ತಂತಿ ಎಳೆದುಕೊಳ್ಳುತ್ತಾರೆ. ಲಕ್ಷಾಂತರ ರೂಪಾಯಿಯ ಮನೆಯೊಂದರ ಕ್ಷೇಮವು, ಅಷ್ಟೇ ಏಕೆ, ಅದರೊಳಗಿರುವವರ ಪ್ರಾಣವು, ಅಪರಿಚಿತರಾರೋ ಎಂದೋ ಜೋಡಿಸಿದ ಮೂರು ತುಣುಕು ತಂತಿಯ ಮೇಲೆ ನಿಂತಿರುತ್ತದೆ.

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮನಸ್ಸಿನಲ್ಲಿಯೇ ಸುತ್ತಿ ಬಂದರೆ ಈ ಮಾತು ವಿಶದವಾಗುತ್ತದೆ. ದಕ್ಷಿಣದಲ್ಲಿ ಅಡಿಕೆ ತೋಟಗಳ ಚನ್ನಗಿರಿ. ಪಶ್ಚಿಮದಲ್ಲಿ ತುಂಗಭದ್ರೆಯ ದಡದ ಹೊನ್ನಾಳಿ. ಅದರ ನೆರೆಯಲ್ಲಿ, ಕೆಲವು ವರ್ಷಗಳ ಹಿಂದಿನವರೆಗೂ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿ. ಈಶಾನ್ಯದಲ್ಲಿ ಮಳೆಗೆ ಬಾಯ್ದೆರೆದ ಜಗಳೂರು. 1997ರಲ್ಲಿ ಜಿಲ್ಲೆಯು ರೂಪುಗೊಂಡಾಗ ಶಿವಮೊಗ್ಗದಿಂದ ಕೆಲವು, ಚಿತ್ರದುರ್ಗದಿಂದ ಕೆಲವು ತಾಲ್ಲೂಕುಗಳು ಬಂದು ಕೂಡಿಕೊಂಡ ಕಾರಣ, ಒಂದೇ ಜಿಲ್ಲೆಯಲ್ಲಿ ಮಲೆನಾಡಿನ ಸೆರಗೂ ಬಯಲುಸೀಮೆಯ ಬರವೂ ನೋಡಸಿಗುತ್ತವೆ. ಗಾಲಿಮನೆಯ ವಿದ್ಯುತ್ತಿಗೆ ಒದಗಬಹುದಾದ ನಾಲ್ಕು ಮುಖ್ಯ ವಿಪತ್ತುಗಳನ್ನು ಈ ನಾಲ್ಕು ನೆಲಗಳು ಒಂದೊಂದಾಗಿ ವಿವರಿಸಿಕೊಡುತ್ತವೆ.

ತೋಟದ ಪಂಪ್‌ಹೌಸ್

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅರ್ಥಾತ್ ಶಾಂತಿಸಾಗರ, ಏಷ್ಯದ ದೊಡ್ಡ ಕೆರೆಗಳಲ್ಲೊಂದೆಂದು ಹೆಸರಾದುದು. ಅದರ ಏರಿಯ ಮೇಲಿನ ಸೂರ್ಯಾಸ್ತವನ್ನು ನೋಡಿಕೊಂಡು, ರಾತ್ರಿ ಅಲ್ಲಿಯೇ ಸಮೀಪದ ತೋಟವೊಂದರಲ್ಲಿ ತಂಗಲು ಒಂದು ಕುಟುಂಬವು ನಿಶ್ಚಯಿಸಿತೆಂದು ಕಲ್ಪಿಸಿಕೊಳ್ಳಬಹುದು. ತೋಟದ ಯಜಮಾನರು ಸಜ್ಜನರು. "ಬರ್ರಿ ಸ್ವಾಮಿ, ಕರೆಂಟಿಗೇನು ಯೋಚ್ನೆ ಮಾಡ್ಬ್ಯಾಡ್ರಿ, ಪಂಪ್‌ಹೌಸ್‌ನಾಗೆ ಐತೆ" ಎನ್ನುತ್ತಾರೆ. ತೋಟದ ಹುಡುಗ ಸ್ಟಾರ್ಟರಿನ ಪೆಟ್ಟಿಗೆಯನ್ನು ತೆರೆಯುತ್ತಾನೆ. ಒಳಗೆ ಕೆಂಪು, ಹಳದಿ, ನೀಲಿ ಎಂದು ಮೂರು ತಂತಿಗಳು. ಗಾಲಿಮನೆಯ ಕೇಬಲಿನ ತುದಿಯಲ್ಲಿ ಕಂದು, ನೀಲಿ, ಹಸಿರು-ಹಳದಿ ಪಟ್ಟೆ ಎಂದು ಮೂರು ತಂತಿಗಳು. ಹುಡುಗ ಜಾಣ. ನೀಲಿಗೆ ನೀಲಿ ಜೋಡಿಸುತ್ತಾನೆ. ಕಂದು ಬಣ್ಣವು ಕೆಂಪಿಗೆ ಹತ್ತಿರವಾದ್ದರಿಂದ ಅದನ್ನು ಕೆಂಪಿಗೆ ಸೇರಿಸುತ್ತಾನೆ. ಪಟ್ಟೆಯ ತಂತಿಯನ್ನು ಪೆಟ್ಟಿಗೆಯ ಮೈಗೆ ಬಿಗಿಯುತ್ತಾನೆ. ನೋಡಿದವರೆಲ್ಲ ಸರಿಯೆನ್ನುತ್ತಾರೆ. ಸ್ವಿಚ್ಚು ಹಾಕಿದ ಕ್ಷಣದಲ್ಲಿ ಗಾಲಿಮನೆಯೊಳಗೆ ಪಟ್ಟನೆ ಸದ್ದು, ಸುಟ್ಟ ವಾಸನೆ.

ಸಂಭವಿಸಿದುದೇನು? ಮೂರು ಫೇಸಿನ ವಿದ್ಯುತ್ತಿನಲ್ಲಿ ಕೆಂಪು, ಹಳದಿ, ನೀಲಿ ಎಂಬ ಮೂರೂ ಸಜೀವ ತಂತಿಗಳು. ನ್ಯೂಟ್ರಲ್ ಎಂಬುದು ನಾಲ್ಕನೆಯ ತಂತಿ; ಭಾರತದ ಹಳೆಯ ವಾಡಿಕೆಯಲ್ಲಿ ಅದರ ಬಣ್ಣ ಕಪ್ಪು. ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟ್. ಎರಡು ಫೇಸುಗಳ ನಡುವೆಯಾದರೆ ಸುಮಾರು 400 ವೋಲ್ಟ್. ಪಂಪಿನ ಮೋಟಾರು ಮೂರು ಫೇಸುಗಳಿಂದಲೇ ತಿರುಗುವುದು. ಅದಕ್ಕೆ ನ್ಯೂಟ್ರಲ್ಲಿನ ಹಂಗಿಲ್ಲ. ಆದುದರಿಂದ ಎಷ್ಟೋ ಸ್ಟಾರ್ಟರು ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ಲೇ ಇರುವುದಿಲ್ಲ. ಆದರೆ ಇಂದಿನ ಯಂತ್ರಗಳ ಮೆದು ಕೇಬಲುಗಳಲ್ಲಿ ಅಂತಾರಾಷ್ಟ್ರೀಯ ಪದ್ಧತಿಯಂತೆ ನೀಲಿಯೇ ನ್ಯೂಟ್ರಲ್. ಒಂದೇ ನೀಲಿಗೆ ಎರಡು ಭಾಷೆಗಳಲ್ಲಿ ಎರಡು ಅರ್ಥ! ಹುಡುಗನು ಮಾಡಿದ ತಪ್ಪು ಅಜಾಗರೂಕತೆಯದಲ್ಲ. ಬಣ್ಣವನ್ನು ನಂಬಿದ ತಪ್ಪು.

ಅಮೆರಿಕದಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಮನೆಯ ಸಾಮಾನ್ಯ ವಿದ್ಯುತ್ತು 120 ವೋಲ್ಟ್. ಬಟ್ಟೆ ಒಣಗಿಸುವ ಯಂತ್ರದಂಥ ದೊಡ್ಡ ಸಾಮಾನುಗಳಿಗೆ 240. ಗಾಲಿಮನೆಗೆ ಬೇಕಾದ ಮೂರು ತೂತಿನ 30 ಆಂಪಿಯರ್ ಸಾಕೆಟ್ 120 ವೋಲ್ಟಿನದು. ಬಟ್ಟೆ ಒಣಗಿಸುವ ಯಂತ್ರದ ಹಳೆಯ ಮಾದರಿಯ ಸಾಕೆಟ್ಟೂ ಮೂರು ತೂತಿನದೇ, 30 ಆಂಪಿಯರಿನದೇ. ಆದರೆ 240 ವೋಲ್ಟಿನದು. ಮನೆಯಂಗಳದಲ್ಲಿ ಗಾಲಿಮನೆಗೆಂದು ಹೊಸ ಸಾಕೆಟ್ ಹಾಕಿಸುವಾಗ, ಅನುಭವಿಯಾದ ಕೆಲಸಗಾರನೇ ಅದನ್ನು ಎರಡನೆಯ ಬಗೆಯದೆಂದು ಭಾವಿಸಿ 240 ವೋಲ್ಟ್ ಕೊಟ್ಟುಬಿಡುವುದುಂಟು. ಇದಲ್ಲದೆ ಅಲ್ಲಿ ಕಪ್ಪು ತಂತಿ ಸಜೀವ, ಬಿಳಿಯದು ನ್ಯೂಟ್ರಲ್. ಭಾರತದ ಕಪ್ಪನ್ನು ಕಂಡು ಪಳಗಿದ ಕೈ ಅಲ್ಲಿ ತಂತಿ ಮುಟ್ಟಿದರೆ ಗತಿಯೇನು? ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ವಿದ್ಯುತ್ತಿನ ಕೆಲಸದವರು ದಿನವೂ ಜಪಿಸಬೇಕು.

ವೋಲ್ಟೇಜು ಒಂದೂಮುಕ್ಕಾಲು ಪಾಲಾದರೆ ಅಪಾಯವೂ ಒಂದೂಮುಕ್ಕಾಲು ಪಾಲೇ ಎಂದು ತಿಳಿಯಬಾರದು. ಕಾಯಿಸುವ ಸುರುಳಿಯಲ್ಲಿ ಹುಟ್ಟುವ ಶಾಖವು ವೋಲ್ಟೇಜಿನ ವರ್ಗದಂತೆ ಏರುತ್ತದೆ. 230ರ ಬದಲು 400 ಹರಿದರೆ ಶಾಖ ಮೂರು ಪಟ್ಟಾಗುತ್ತದೆ. ನೀರು ಕಾಯಿಸುವ ಸುರುಳಿಯು ಕೆಲವು ನಿಮಿಷ ತಡೆದುಕೊಂಡೀತು. ಬ್ಯಾಟರಿಯ ಚಾರ್ಜರು, ಟೆಲಿವಿಷನ್, ಫ್ರಿಜ್ಜಿನ ಮತ್ತು ಏರ್ ಕಂಡೀಷನರಿನ ಎಲೆಕ್ಟ್ರಾನಿಕ್ ಫಲಕಗಳು ಕಣ್ಣೆವೆ ಇಕ್ಕುವಷ್ಟರಲ್ಲಿ ಮುಗಿದುಹೋಗುತ್ತವೆ. ಗೋಡೆಯೊಳಗಿನ ತಂತಿಗಳು ಮಾತ್ರ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಭಾರತದ ಗೃಹಬಳಕೆಯ ತಂತಿಯ ಹೊದಿಕೆ 1100 ವೋಲ್ಟಿನ ದರ್ಜೆಯದು. ಹೀಗಾಗಿ ಮನೆಯ ನರಗಳು ಆರೋಗ್ಯವಾಗಿದ್ದು, ಅಂಗಾಂಗಗಳೆಲ್ಲ ಸತ್ತಂಥ ವಿಚಿತ್ರ ಸ್ಥಿತಿ ಒದಗುತ್ತದೆ.

"ಫ್ಯೂಸ್ ಇದೆಯಲ್ಲ, ಟ್ರಿಪ್ ಸ್ವಿಚ್ ಇದೆಯಲ್ಲ?" ಎಂದು ಕೇಳುವವರುಂಟು. ಫ್ಯೂಸ್ ಕಾಯುವುದು ಹರಿವಿನ ಪ್ರಮಾಣವನ್ನು. ಒತ್ತಡವು ಅದರ ಲೆಕ್ಕಕ್ಕೆ ಬಾರದು. ಫ್ಯೂಸಿಗೆ ಎಚ್ಚರವಾಗುವ ಹೊತ್ತಿಗೆ ಯಂತ್ರದ ಪ್ರಾಣ ಹೋಗಿರುತ್ತದೆ. ಮನೆಬಳಕೆಯ ಸಾಮಾನ್ಯ ಸ್ಟೆಬಿಲೈಸರೂ 400 ವೋಲ್ಟನ್ನು ಎದುರಿಸಲೆಂದು ಮಾಡಿದ್ದಲ್ಲ. ಅದು ಯಂತ್ರಗಳಿಗಿಂತ ಮೊದಲು ತಾನೇ ಆಹುತಿಯಾದರೆ ಆಶ್ಚರ್ಯವಿಲ್ಲ.

ಇನ್ನೊಂದು ಮೋಸವಿದೆ. ಗಾಲಿಮನೆಯ ದೀಪಗಳು ಬ್ಯಾಟರಿಯಿಂದ ಉರಿಯುವುದರಿಂದ, ಚಾರ್ಜರು ಸತ್ತ ಮೇಲೂ ಅವು ಎಂದಿನಂತೆ ಬೆಳಗುತ್ತಲೇ ಇರುತ್ತವೆ. "ದೀಪ ಇದೆ, ಏನೂ ಆಗಿಲ್ಲ" ಎಂದು ಕುಟುಂಬವು ಮಲಗುತ್ತದೆ. ಮಾರನೆಯ ರಾತ್ರಿ ದೀಪ ಮಂಕಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಅಜ್ಜಿಯ ಇನ್ಸುಲಿನ್ ಬೆಚ್ಚಗಾಗಿರುವುದು ಆಗ ತಿಳಿಯುತ್ತದೆ. ಹಾನಿಯನ್ನು ರೂಪಾಯಿಯಲ್ಲಿ ಎಣಿಸುವವರು ಈ ಸೀಸೆಯನ್ನೂ ಎಣಿಸಬೇಕು.

ಕಾನೂನಿನ ಮಾತೊಂದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ನೀರಾವರಿ ಪಂಪುಸೆಟ್ಟಿಗೆಂದು ಕೊಟ್ಟ ವಿದ್ಯುತ್ತು ನೀರೆತ್ತುವುದಕ್ಕೇ ಹೊರತು ಅನ್ಯ ಬಳಕೆಗಲ್ಲ. ಮಂಜೂರಾದ ಉದ್ದೇಶವನ್ನು ಬಿಟ್ಟು ಬಳಸುವುದನ್ನು 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೆಯ ಕಲಮು ಅನಧಿಕೃತವೆಂದು ಪರಿಗಣಿಸುತ್ತದೆ. ಅತಿಥಿಯ ಅನುಕೂಲಕ್ಕಾಗಿ ರೈತನು ದಂಡ ತೆರುವಂತಾಗಬಾರದು. ತೋಟದ ಮನೆಯ ಸಾಕೆಟ್ಟಿದ್ದರೆ ಅದೇ ಲೇಸು.

ಜಾತ್ರೆಯ ಚಪ್ಪರ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಪೂಜ್ಯ ಗುರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಪ್ರತಿವರ್ಷ ಫೆಬ್ರವರಿ ನಡುವಿನಲ್ಲಿ ನಡೆಯುವ ಜಯಂತಿಗೆ ಅನೇಕ ರಾಜ್ಯಗಳಿಂದ ಭಕ್ತರು ವಾಹನಗಳಲ್ಲಿ ಬಂದು ನೆರೆಯುತ್ತಾರೆ. ಇಂಥ ದೊಡ್ಡ ಉತ್ಸವ ಎಲ್ಲಿಯೇ ನಡೆಯಲಿ, ನಾಲ್ಕು ದಿನಗಳ ಮಟ್ಟಿಗೆ ತಾತ್ಕಾಲಿಕ ವಿದ್ಯುತ್ ಮಾರ್ಗಗಳನ್ನು ಎಳೆಯಲೇಬೇಕಾಗುತ್ತದೆ. ದೀಪ, ಧ್ವನಿವರ್ಧಕ, ಅಂಗಡಿ, ಅಡಿಗೆಮನೆ ಎಲ್ಲಕ್ಕೂ ಮೂರು ಫೇಸುಗಳನ್ನು ಹಂಚಿ, ನ್ಯೂಟ್ರಲ್ಲನ್ನು ಮಾತ್ರ ಎಲ್ಲರಿಗೂ ಸೇರಿ ಒಂದೇ ಆಗಿ ಕೊಡುತ್ತಾರೆ. ಎರಡನೆಯ ವಿಪತ್ತು ಅಡಗಿರುವುದು ಈ ಒಂದೇ ತಂತಿಯಲ್ಲಿ.

ಆ ನ್ಯೂಟ್ರಲ್ ಸಡಿಲವಾಗಿ ಕಳಚಿತೆನ್ನಿ. ದೀಪಗಳೆಲ್ಲ ಆರಿಹೋಗಬೇಕೆಂದು ಸಾಮಾನ್ಯರು ಊಹಿಸುವರು. ಹಾಗಾಗುವುದಿಲ್ಲ. ಬೇರೆ ಬೇರೆ ಫೇಸಿನ ಮೇಲಿರುವ ಎರಡು ಸಂಸಾರಗಳು ಆ ಕ್ಷಣದಿಂದ ಒಂದರ ಹಿಂದೆ ಒಂದು ಸರಪಳಿಯಂತಾಗಿ, 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳಬೇಕಾಗುತ್ತದೆ. ಹಂಚಿಕೆಯಾದರೂ ನ್ಯಾಯವಾದುದೇ? ಹೆಚ್ಚು ವಿದ್ಯುತ್ತನ್ನು ಬಳಸುವವನಿಗೆ ಕಡಿಮೆ ವೋಲ್ಟ್. ಕಡಿಮೆ ಬಳಸುವವನಿಗೆ ಹೆಚ್ಚು. ಒಂದು ಕಡೆ 2000 ವಾಟಿನ ನೀರು ಕಾಯಿಸುವ ಸಾಧನ, ಇನ್ನೊಂದು ಕಡೆ ಗಾಲಿಮನೆಯ ಪಂಖ, ಟೆಲಿವಿಷನ್ ಸೇರಿ 200 ವಾಟು ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ನೀರಿನ ಸಾಧನಕ್ಕೆ 36 ವೋಲ್ಟ್ ಸಿಕ್ಕು ಅದು ತಣ್ಣಗೆ ಕುಳಿತಿರುತ್ತದೆ. ಗಾಲಿಮನೆಗೆ 364 ವೋಲ್ಟ್ ನುಗ್ಗುತ್ತದೆ! ಮಿತವ್ಯಯಿಯೇ ಇಲ್ಲಿ ಮೊದಲು ದಂಡ ತೆರುವವನು.

ಈ ವಿಪತ್ತಿನ ಕ್ರೌರ್ಯವೆಂದರೆ, ಸಂಜೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಇದ್ದಿರಬಹುದು. ನಡುರಾತ್ರಿ ಯಾವನೋ ತಂತಿಯನ್ನು ಎಡವಿದಾಗ ನ್ಯೂಟ್ರಲ್ ಕಳಚಬಹುದು. ಕಣ್ಣಿಟ್ಟು ಕಾಯುವುದು ಮನುಷ್ಯರಿಂದ ಆಗದ ಕೆಲಸ. ಆ ಕೆಲಸಕ್ಕೆಂದೇ, ವೋಲ್ಟೇಜು ಮಿತಿಮೀರಿ ಏರಿದರೂ ಇಳಿದರೂ ತಾನಾಗಿಯೇ ಸಂಪರ್ಕವನ್ನು ಕಡಿದುಹಾಕುವ ರಕ್ಷಕ ಸಾಧನಗಳು ಪೇಟೆಯಲ್ಲಿ ದೊರೆಯುತ್ತವೆ. ಸುಡಬಹುದಾದ ಒಂದೇ ಒಂದು ಫಲಕದ ಬೆಲೆಯ ಮುಂದೆ ಇದರ ಬೆಲೆ ಅಲ್ಪ. ಇದು ವಾಹನದೊಳಕ್ಕೆ ಬರುವ ಮುಖ್ಯ ತಂತಿಯಲ್ಲಿರಬೇಕು. ಒಂದೊಂದು ಯಂತ್ರಕ್ಕೂ ಬೇರೆ ಬೇರೆಯಾಗಿ ಅಲ್ಲ.

ಹೊಳೆಯ ದಡ

ಇದುವರೆಗೆ ಹೇಳಿದುದು ಯಂತ್ರಗಳ ಹಾನಿ. ಹೊನ್ನಾಳಿಯ ಹೊಳೆದಂಡೆಗೆ ಬಂದಾಗ ಮನುಷ್ಯರ ಮಾತು ಬರುತ್ತದೆ. ತುಂಗಭದ್ರೆಯಲ್ಲಿ ಮಿಂದು, ರಾಘವೇಂದ್ರ ಸ್ವಾಮಿಗಳ ಮಠದ ದರ್ಶನ ಮುಗಿಸಿ, ಒದ್ದೆ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಗಾಲಿಮನೆಗೆ ಮರಳುವವರ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಬೇಕು.

ಗಾಲಿಮನೆಯೆಂದರೆ ರಬ್ಬರಿನ ಚಕ್ರಗಳ ಮೇಲೆ ನಿಂತ ಲೋಹದ ಪೆಟ್ಟಿಗೆ. ರಬ್ಬರು ವಿದ್ಯುತ್ತನ್ನು ನೆಲಕ್ಕೆ ಬಿಡದು. ಒಳಗೆಲ್ಲೋ ಸವೆದ ತಂತಿಯೊಂದು ಲೋಹದ ಮೈಗೆ ತಗುಲಿದ್ದು, ಹೊರಗಿನ ಸಾಕೆಟ್ಟಿನಲ್ಲಿ ಅರ್ತಿಂಗ್ ತಂತಿಯೇ ಇಲ್ಲದಿದ್ದರೆ, ಇಡೀ ವಾಹನದ ಮೈ 230 ವೋಲ್ಟಿಗೆ ಏರಿ ಸದ್ದಿಲ್ಲದೆ ಕಾಯುತ್ತಿರುತ್ತದೆ. ಒಳಗಿರುವವರಿಗೆ ಅದು ತಿಳಿಯುವುದಿಲ್ಲ. ಅವರ ಕಾಲಡಿಯ ನೆಲವೂ ಅದೇ ಮೈಯ ಭಾಗವಷ್ಟೆ. ಹಕ್ಕಿ ತಂತಿಯ ಮೇಲೆ ಕುಳಿತಂತೆ ಅವರು ನಿಶ್ಚಿಂತರು. ಒದ್ದೆ ನೆಲದಲ್ಲಿ ನಿಂತು ಬಾಗಿಲಿನ ಹಿಡಿಗೆ ಕೈ ಹಾಕಿದವರ ಗತಿಯೇ ಬೇರೆ. ಅಂಥ ಸಮಯದಲ್ಲಿ ಬಾಗಿಲಿಗೆ ಮೊದಲು ಓಡಿಬರುವವರು ಮಕ್ಕಳು.

ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೂ ಸಂಕಟವೇ. ಯಂತ್ರಗಳು ಎಂದಿನಂತೆಯೇ ನಡೆಯುವುದರಿಂದ ಯಾರಿಗೂ ಸಂದೇಹ ಬಾರದು. ಆದರೆ ಸ್ವಿಚ್ಚು ಕಡಿಯುವುದು ಒಂದೇ ತಂತಿಯನ್ನು. ಅದು ನ್ಯೂಟ್ರಲ್ಲಾಗಿಬಿಟ್ಟರೆ, ಆರಿಸಿದ ಯಂತ್ರದೊಳಗೂ ಸಜೀವ ವಿದ್ಯುತ್ತು ಉಳಿದಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂದು ಧೈರ್ಯವಾಗಿ ಕೈಯಿಟ್ಟವರಿಗೆ ಆಘಾತ ತಪ್ಪದು. ಸಾಕೆಟ್ಟಿಗೆ ಎದುರಾಗಿ ನಿಂತಾಗ ಮೇಲಿನ ದೊಡ್ಡ ತೂತು ಅರ್ತಿಂಗ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕೆಂಬ ನಿಯಮವಿರುವುದು ಇದರಿಂದಲೇ.

ಈ ಭಯಕ್ಕೆ ಮದ್ದಾಗಿ ಬಂದುದು ಸೋರಿಕೆ ತಡೆಯುವ ಸ್ವಿಚ್ಚು, ಪೇಟೆಯಲ್ಲಿ ಆರ್.ಸಿ.ಸಿ.ಬಿ. ಎಂದು ಕೇಳಬೇಕು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಅದು ಕ್ಷಣಕ್ಷಣವೂ ತಾಳೆ ನೋಡುತ್ತಿರುತ್ತದೆ. ಒಂದು ಆಂಪಿಯರಿನ ಸಾವಿರದಲ್ಲಿ 30 ಪಾಲಿನಷ್ಟು ಲೆಕ್ಕ ತಪ್ಪಿದರೂ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹರಿಯುತ್ತಿರಬಹುದೆಂದು ಭಾವಿಸಿ ಸಂಪರ್ಕವನ್ನು ಕಡಿಯುತ್ತದೆ. ಆದರೆ ಇದರ ಕಣ್ಣಿಗೆ ಬೀಳುವುದು ಸೋರಿಕೆಯೊಂದೇ. ಚನ್ನಗಿರಿಯ ತೋಟದಲ್ಲಿ ಕಲ್ಪಿಸಿದ ಎರಡು ಫೇಸಿನ ಜೋಡಣೆಯಲ್ಲಿ ಹೋದದ್ದೂ ಬಂದದ್ದೂ ಸಮವಾಗಿರುವುದರಿಂದ ಅದು ಸುಮ್ಮನಿರುತ್ತದೆ. ವೋಲ್ಟೇಜು ರಕ್ಷಕವು ಯಂತ್ರಗಳಿಗೆ, ಸೋರಿಕೆಯ ಸ್ವಿಚ್ಚು ಮನುಷ್ಯರಿಗೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಗಾಲಿಮನೆಯಲ್ಲಿ ಎರಡೂ ಇರಬೇಕು.

ಒಣ ಬಯಲು

ಜಗಳೂರಿನ ಕಡೆಗೆ ತಿರುಗಿದರೆ ನೆಲದ ಗುಣವೇ ಬೇರೆ. ನಾಲ್ಕು ಕೊಂಬಿನ ಜಿಂಕೆಗೆ ಆಶ್ರಯವಾದ ರಂಗಯ್ಯನದುರ್ಗದ ವನ್ಯಧಾಮವಿರುವುದು ಈ ತಾಲ್ಲೂಕಿನಲ್ಲಿಯೇ. ಅದನ್ನು ನೋಡಲು ಬಂದವರು ಹಳ್ಳಿಯಂಚಿನ ಒಂಟಿಮನೆಯೊಂದರ ಬಳಿ ತಂಗಿದರೆನ್ನೋಣ. ಕಂಬ ದೂರ, ವಾಹನ ನಿಲ್ಲಿಸುವ ನೆರಳು ಇನ್ನೂ ದೂರ.

ಇಲ್ಲಿಯ ಮೊದಲ ತೊಂದರೆ ಅರ್ತಿಂಗಿನದು. ಅರ್ತಿಂಗ್ ಎಂದರೆ ವಿದ್ಯುತ್ತಿಗೆ ನೆಲದೊಳಕ್ಕೆ ಕೊಟ್ಟ ಸುಗಮ ದಾರಿ. ಹಸಿ ಮಣ್ಣು ಈ ದಾರಿಯನ್ನು ತೆರೆದಿಡುತ್ತದೆ. ಒಣ ಕಲ್ಲುನೆಲ ಮುಚ್ಚಿಬಿಡುತ್ತದೆ. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರೆರೆಯಬೇಕೆಂದು ಹಿಂದಿನವರು ಹೇಳುತ್ತಿದ್ದುದು ಮೂಢನಂಬಿಕೆಯಲ್ಲ. ಇದನ್ನು ಮರೆತ ಮನೆಗಳಲ್ಲಿ ಸಾಕೆಟ್ಟಿನ ಮೇಲಿನ ತೂತು ಕೇವಲ ಅಲಂಕಾರ.

ಇದಕ್ಕಿಂತ ಅಪಾಯಕರವಾದುದು ನ್ಯೂಟ್ರಲ್ ಸಿಗದೆಡೆಯಲ್ಲಿ ನೆಲಕ್ಕೆ ಸಲಾಕೆ ನೆಟ್ಟು, ಅದನ್ನೇ ನ್ಯೂಟ್ರಲ್ಲೆಂದು ಬಳಸುವ ದುರಭ್ಯಾಸ. ಮೀಟರಿಟ್ಟು ನೋಡಿದರೆ 230 ವೋಲ್ಟ್ ನಿಚ್ಚಳವಾಗಿ ಕಾಣುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿದೊಡನೆ ಅದು ಕುಸಿದುಬೀಳುತ್ತದೆ. ಉಳಿದ ವೋಲ್ಟೇಜೆಲ್ಲ ಸಲಾಕೆಯ ಸುತ್ತಣ ನೆಲದಲ್ಲಿ ಹರಡಿಕೊಂಡಿರುತ್ತದೆ. ಆ ನೆಲದ ಮೇಲೆ ಮೇಯಲು ಬಂದ ದನಕ್ಕೆ, ಆಡಲು ಬಂದ ಮಗುವಿಗೆ ಅದರ ಅರಿವೆಲ್ಲಿ? ಆದಕಾರಣ ಭಾರವಿಲ್ಲದೆ ಒಮ್ಮೆ, ಭಾರ ಹೊರಿಸಿ ಇನ್ನೊಮ್ಮೆ ಅಳೆಯುವುದೇ ಸರಿಯಾದ ಕ್ರಮ.

ಎರಡನೆಯ ತೊಂದರೆ ದೂರದ್ದು. 30 ಮೀಟರು ದೂರಕ್ಕೆ ಒಂದು ಚದರ ಮಿಲಿಮೀಟರಿನ ತೆಳು ತಾಮ್ರದ ತಂತಿಯನ್ನು ಎಳೆದರೆ, ಹೋಗಿ ಬರುವ ದಾರಿ ಸೇರಿ ಅದರ ತಡೆ ಒಂದು ಓಮಿಗೂ ಸ್ವಲ್ಪ ಮೇಲು. 10 ಆಂಪಿಯರ್ ಹರಿದಾಗ 11 ವೋಲ್ಟಿನಷ್ಟು ದಾರಿಯಲ್ಲಿಯೇ ಕಳೆದುಹೋಗುತ್ತದೆ. ನೂರು ವಾಟಿಗೂ ಮೀರಿದ ಶಾಖ ತಂತಿಯ ಮೈಯಲ್ಲಿಯೇ ಹುಟ್ಟುತ್ತದೆ. ಉಳಿದ ತಂತಿಯನ್ನು ಸುರುಳಿ ಸುತ್ತಿಯೇ ಬಿಟ್ಟಿದ್ದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ ಹೊದಿಕೆ ಕರಗಬಹುದು. ಎರಡೂವರೆ ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ 5 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಮೊದಲೇ ವೋಲ್ಟೇಜು ಇಳಿದಿರುವ ಹಳ್ಳಿಯಲ್ಲಿ ಈ ಭೇದ ಅಲ್ಪವೇನಲ್ಲ. ಸಾಲದ ವೋಲ್ಟೇಜಿನಲ್ಲಿ ಏರ್ ಕಂಡೀಷನರಿನ ಮೋಟಾರು ತಿರುಗಲಾರದೆ ಕಾದು ಕೆಡುತ್ತದೆ. ಹೆಚ್ಚಾದರೆ ಮಾತ್ರ ಹಾನಿ, ಕಡಿಮೆಯಾದರೆ ಕ್ಷೇಮ ಎಂಬ ಭಾವನೆಯೂ ತಪ್ಪು.

ಐದು ನಿಮಿಷದ ಪರೀಕ್ಷೆ

ಈ ನಾಲ್ಕೂ ವಿಪತ್ತುಗಳಿಗೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಪ್ರತಿ ಮನೆಯ ಡ್ರಾಯರಿನಲ್ಲಿಯೂ ಇರುವ ಟೆಸ್ಟರ್ ಮೊದಲ ಸಾಕ್ಷಿ. ಸರಿಯಾದ ಸಾಕೆಟ್ಟಿನಲ್ಲಿ ಅದು ಬಲಗಡೆಯ ತೂತಿನಲ್ಲಿ ಮಾತ್ರ ಬೆಳಗಬೇಕು. ಎಡಗಡೆ ಮಾತ್ರ ಬೆಳಗಿದರೆ ತಂತಿ ಅದಲುಬದಲು. ಎರಡೂ ಕಡೆ ಬೆಳಗಿದರೆ ಅಲ್ಲಿ ಎರಡು ಫೇಸ್ ಬಂದಿರಬಹುದು, ಇಲ್ಲವೇ ನ್ಯೂಟ್ರಲ್ ಕಳಚಿರಬಹುದು. ಯಾವುದಾದರೂ ಸರಿಯೆ, ಕೈಮುಗಿದು ಹಿಂದೆ ಸರಿಯತಕ್ಕದ್ದು.

ಎರಡನೆಯ ಸಾಕ್ಷಿ ಮೀಟರು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಸಮೀಪ. ಫೇಸ್ ಮತ್ತು ಅರ್ತಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವೆ ಸೊನ್ನೆ, ಇಲ್ಲವೇ ಕೆಲವೇ ವೋಲ್ಟ್. ಈ ಮೂರು ಅಂಕಿಗಳೂ ಕೂಡಿಬಂದ ಮೇಲೆ ಇಸ್ತ್ರಿಪೆಟ್ಟಿಗೆಯಂಥ ಭಾರವೊಂದನ್ನು ಹಚ್ಚಿ ಮತ್ತೆ ನೋಡಬೇಕು. ಆಮೇಲೆ ವಾಹನದ ಮುಖ್ಯ ಸ್ವಿಚ್ಚನ್ನು ಆರಿಸಿ, ಕೇಬಲನ್ನು ಮೊದಲು ವಾಹನಕ್ಕೂ ಅನಂತರ ಸಾಕೆಟ್ಟಿಗೂ ಚುಚ್ಚಬೇಕು. ಕಳಚುವಾಗ ಈ ಕ್ರಮ ತಿರುಗುಮುರುಗು. ಹೀಗೆ ಮಾಡಿದರೆ ವಿದ್ಯುತ್ತು ತುಂಬಿದ ತುದಿ ಎಂದೂ ಕೈಯಲ್ಲಿ ಉಳಿಯುವುದಿಲ್ಲ. ತಂತಿಯನ್ನು ಬಿಚ್ಚಿ ಜೋಡಿಸುವ ಕೆಲಸ ಬಂದರೆ ಅದು ಪರವಾನಗಿ ಪಡೆದ ಕೆಲಸಗಾರನದು. ಪ್ರವಾಸಿಗನದೂ ಅಲ್ಲ, ತೋಟದ ಹುಡುಗನದೂ ಅಲ್ಲ. ದಾವಣಗೆರೆ ಜಿಲ್ಲೆಗೆ ವಿದ್ಯುತ್ ಪೂರೈಸುವ ಬೆಸ್ಕಾಂ ಸಂಸ್ಥೆಯು ಉತ್ಸವ ಸಮಾರಂಭಗಳಿಗೆ ತಾತ್ಕಾಲಿಕ ಸಂಪರ್ಕವನ್ನು ಕ್ರಮಬದ್ಧವಾಗಿ ಕೊಡುತ್ತದೆ. ದೂರಿಗೆ 1912 ಎಂಬ ಸಂಖ್ಯೆಯಿದೆ.

ಅವಘಡವು ಸಂಭವಿಸಿಯೇಬಿಟ್ಟರೆ ವಾಹನದ ಮೈಯನ್ನು ಮುಟ್ಟದೆ ಮೂಲದಲ್ಲಿ ವಿದ್ಯುತ್ತನ್ನು ಆರಿಸುವುದು ಪ್ರಥಮ ಕರ್ತವ್ಯ. "ಇನ್ನೊಮ್ಮೆ ಹಾಕಿ ನೋಡೋಣ" ಎಂಬ ಮಾತಿಗೆ ಅವಕಾಶವಿರಬಾರದು. ಚಾರ್ಜರು, ಫ್ರಿಜ್, ಏರ್ ಕಂಡೀಷನರ್, ರಕ್ಷಕ ಸಾಧನ ಇವನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ಮರುಸಂಪರ್ಕ. ಅಲ್ಲಿಯವರೆಗೆ ಉರಿಯುತ್ತಿರುವ ದೀಪದ ಸಾಕ್ಷ್ಯವನ್ನು ನಂಬಕೂಡದು.

ಇಷ್ಟೆಲ್ಲ ತಿಳಿದವರೂ ಒಂದು ಕಡೆ ಮುಗ್ಗರಿಸುತ್ತಾರೆ, ಅದು ಸಂಕೋಚ. ಪ್ರೀತಿಯಿಂದ ಕರೆದು ವಿದ್ಯುತ್ತು ಕೊಟ್ಟವರ ಮುಂದೆ ಮೀಟರು ಹೊರತೆಗೆದರೆ ಅವರ ಮನಸ್ಸಿಗೆ ನೋವಾದೀತೆಂದು ಅತಿಥಿಗಳು ಸುಮ್ಮನಾಗುತ್ತಾರೆ. ಯಂತ್ರಗಳು ಸುಟ್ಟ ಮೇಲಾದರೋ ನೋವು ಇಬ್ಬರಿಗೂ. ಅತಿಥಿಯು ನಷ್ಟವನ್ನು ನುಂಗಿಕೊಂಡು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಉಪಕಾರ ಮಾಡಹೋದ ಯಜಮಾನನು ತಪ್ಪಿತಸ್ಥನಂತೆ ತಲೆ ತಗ್ಗಿಸುತ್ತಾನೆ. ಒಂದು ರಾತ್ರಿಯ ಸ್ನೇಹ ಬೆಳಗಾಗುವುದರೊಳಗೆ ಮುರಿದುಬೀಳುತ್ತದೆ. ಚಿಕ್ಕ ಮಗುವಿಗೆ ನೀರು ಕೊಡುವ ಮುನ್ನ ಕಾಯಿಸಿ ಆರಿಸುವುದನ್ನು ಯಾವ ಆತಿಥೇಯರೂ ಅಪಮಾನವೆಂದು ಬಗೆಯುವುದಿಲ್ಲ. "ಯಜಮಾನರೇ, ನಮ್ಮ ಗಾಡಿಯ ಸಾಮಾನು ಬಲು ಸೂಕ್ಷ್ಮ, ಒಂದು ಸಲ ಅಳೆದು ಹಾಕಿಕೊಳ್ಳುತ್ತೇವೆ" ಎಂದರೆ ಸಾಕು, ಅವರೇ ಟಾರ್ಚು ಹಿಡಿದು ನಿಲ್ಲುತ್ತಾರೆ. ಆ ಪರೀಕ್ಷೆಯಿಂದ ಅವರ ಮನೆಯ ಸಡಿಲ ನ್ಯೂಟ್ರಲ್ಲೊಂದು ಬಯಲಾದರೆ, ಅತಿಥಿಯು ಉಂಡ ಊಟದ ಋಣವನ್ನು ಅಂದೇ ತೀರಿಸಿದಂತಾಯಿತು.

ಗಾಲಿಮನೆ ಇಲ್ಲದವರಿಗೂ ಈ ವಿಷಯ ಸಂಬಂಧಿಸಿದ್ದೇ. ಮದುವೆಯ ಚಪ್ಪರಕ್ಕೆ, ಗಣಪತಿಯ ಪೆಂಡಾಲಿಗೆ, ಮಾಳಿಗೆ ಮೇಲಿನ ಬಾಡಿಗೆಯ ಕೋಣೆಗೆ ತಂತಿ ಎಳೆಯುವಾಗಲೆಲ್ಲ ಇದೇ ನೀಲಿ, ಇದೇ ಕಪ್ಪು, ಇದೇ ಸಡಿಲ ಬಿಗಿತಗಳು ಎದುರಾಗುತ್ತವೆ. ಬಣ್ಣವು ಜೋಡಿಸಿದವನ ಉದ್ದೇಶವನ್ನು ಹೇಳೀತು. ತಂತಿಯೊಳಗೆ ಇರುವುದೇನೆಂಬುದನ್ನು ಹೇಳುವುದು ಮೀಟರಿನ ಮುಳ್ಳು ಮಾತ್ರ. ಮುಂದಿನ ರಜೆಗೆ ಹೊರಡುವ ಮುನ್ನ ಹಾಸಿಗೆ, ಹೊದಿಕೆ, ಉಪ್ಪಿನಕಾಯಿಯ ಭರಣಿಗಳ ಜೊತೆಯಲ್ಲಿ ಟೆಸ್ಟರ್ ಒಂದನ್ನೂ ಮೀಟರೊಂದನ್ನೂ ಕಟ್ಟಿಕೊಂಡರೆ, ಚನ್ನಗಿರಿಯಿಂದ ಜಗಳೂರಿನವರೆಗೆ ಎಲ್ಲಿ ತಂಗಿದರೂ ರಾತ್ರಿಯ ನಿದ್ರೆಗೆ ಭಂಗವಿಲ್ಲ.